ಲೇಕಿ ಎಂಬ ನೀರು

ಹಿಟ್ಟು ಎರಡನೆಯ ಸಲ ಉಬ್ಬಿ ಬಂದಿತ್ತು. ಸೈಮಾ ಅದರ ಮೇಲೆ ಮುಷ್ಟಿಯಿಟ್ಟು ಒತ್ತಿದಳು. ಒಳಗಿದ್ದ ಗಾಳಿ ನಿಟ್ಟುಸಿರಿನಂತೆ ಹೊರಟುಹೋಯಿತು. ಮೂರು ಪಾಲು ಮಾಡಿ, ಒಂದೊಂದನ್ನೂ ಹಲಗೆಯ ಮೇಲೆ ಹಗ್ಗದ ಹಾಗೆ ಹೊಸೆದು, ತುದಿಗಳನ್ನು ಕೂಡಿಸಿ ಜಡೆ ಹೆಣೆಯತೊಡಗಿದಳು. ಏಲಕ್ಕಿ ಇವತ್ತು ಸ್ವಲ್ಪ ಕೈಮೀರಿಯೇ ಬಿದ್ದಿತ್ತು. ಬೇರೆಯವರ ಮನೆಗೆ ಒಯ್ಯುವ ನಿಸು, ಸಪ್ಪೆ ಅನ್ನಿಸಬಾರದು. ಈ ಸಿಹಿರೊಟ್ಟಿಯನ್ನು ಹೆಣೆಯುವಾಗಲೆಲ್ಲ ಅವಳ ಬೆರಳಿಗೆ ಮಗಳ ಕೂದಲು ನೆನಪಾಗುತ್ತಿತ್ತು. ಡೆನಿಸ್ ಒಂದು ದಿನ ಶಾಲೆಯಿಂದ ಬಂದವಳೇ ಅಡಿಗೆಮನೆಯ ಕತ್ತರಿಯಿಂದ ಜಡೆಯನ್ನು ಕಚಕ್ಕನೆ ಕತ್ತರಿಸಿಕೊಂಡು, ಅದನ್ನು ಮೇಜಿನ ಮೇಲೆ ಸತ್ತ ಮೀನಿನ ಹಾಗೆ ಇಟ್ಟು, ತಣ್ಣಗೆ ಹಾಲು ಕುಡಿದಿದ್ದಳು. ಬೆರಳುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಮಹಡಿಯ ಮೇಲೆ ಹುಡುಗಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತ ಬಾಯಿಪಾಠ ಮಾಡುತ್ತಿದ್ದಳು. ಹಲಗೆಯ ನೆಲ ಕಿರುಗುಟ್ಟುವುದೂ ಅವಳ ದನಿಯೂ ಒಟ್ಟಿಗೆ ಕೆಳಗಿಳಿದು ಬರುತ್ತಿದ್ದವು. ಇಂಗ್ಲಿಷಲ್ಲ, ಅವಳ ಮುಮ್ಮು, ಅಂದರೆ ಸೈಮಾಳ ತಾಯಿ, ಆಡುತ್ತಿದ್ದ ಭಾಷೆ, ಹಿರಿಯರು ಫಿನ್ಲೆಂಡಿನಿಂದ ಹೊತ್ತು ತಂದ ಫಿನ್ನಿಶ್. 'ಮುಮ್ಮು ಬೇಸಿಗೆಯಲ್ಲಿ ಜಮಖಾನಗಳನ್ನು ಲೇಕಿಗೆ ಒಯ್ದು ಒಗೆಯುತ್ತಿದ್ದಳು. ಅಪ್ಪ ಕಾರಾದಲ್ಲಿ ಬಂದು ಒದ್ದೆ ಜಮಖಾನಗಳನ್ನು ಹೇರಿಕೊಂಡು ಹೋಗುತ್ತಿದ್ದ.' ಲೇಕಿ ಎಂಬ ಮಾತು ಕಿವಿಗೆ ಬಿದ್ದಾಗ ಸೈಮಾಳ ಕೈ ನಿಂತಿತು. ಈಗಲೂ ಹೊತ್ತು ಮೀರಿಲ್ಲ. ಮೆಟ್ಟಿಲ ಬುಡಕ್ಕೆ ಹೋಗಿ ನಿಂತು ಕೂಗಿದರೆ ಸಾಕು: ಸರೋವರಕ್ಕೆ ಲೇಕಿ ಅಲ್ಲ ಕಣೇ, ಯಾರ್ವಿ ಅನ್ನು. ಕಾರಿಗೆ ಕಾರಾ ಅನ್ನಬೇಡ, ಔತೊ ಅನ್ನು. ಕೂಗಲಿಲ್ಲ. ಜಡೆಯ ಕೊನೆಯನ್ನು ಮಡಿಸಿ ಅಡಿಗೆ ಸಿಕ್ಕಿಸಿ, ಮೇಲೆ ಮೊಟ್ಟೆ ಸವರಿ, ಸಕ್ಕರೆ ಉದುರಿಸಿ, ಒಲೆಯ ಬಾಗಿಲು ತೆಗೆದಳು. ಬಿಸಿಗಾಳಿ ಮುಖಕ್ಕೆ ಹೊಡೆಯಿತು.

ಕಳೆದ ಅಕ್ಟೋಬರಿನಲ್ಲಿ, ಮೊದಲ ಹಿಮ ಬಿದ್ದ ವಾರ, ಡೆನಿಸ್ ಈ ವಿಷಯವನ್ನು ಊಟದ ಮೇಜಿಗೆ ತಂದಿದ್ದಳು. ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿಕೊಂಡು ಬಂದವಳ ಹಾಗೆ ಮಾತಾಡಿದ್ದಳು. ಹೈಸ್ಕೂಲು ಮುಗಿಸುವುದಕ್ಕೆ ಬೇಕಾದ ಕ್ರೆಡಿಟ್‌ಗಳಲ್ಲಿ ಹೆಚ್ಚಿನವು ಆಗಲೇ ಅವಳ ಕೈಯಲ್ಲಿದ್ದವು. ಬೇಸಿಗೆ ರಜೆಯಲ್ಲಿ ಉಳಿದ ಮಕ್ಕಳೆಲ್ಲ ನೀರಿಗೆ ಬಿದ್ದು ಈಜುವಾಗ ಅವಳು ಅಂಚೆಯ ಮೂಲಕ ಇತಿಹಾಸ ಓದಿದ್ದಳು. ಬೆಳಕು ಹರಿಯುವ ಮುಂಚೆ, ಶಾಲೆಯ ಗಂಟೆಗೂ ಮೊದಲು ನಡೆಯುವ ಟೈಪಿಂಗ್ ತರಗತಿಗೆ ಹಿಮ ತೆಗೆಯುವ ಅಪ್ಪನ ಲಾರಿಯಲ್ಲೇ ಹೋಗುತ್ತಿದ್ದಳು. ಉಳಿದದ್ದು ಬೇರೊಂದು ಭಾಷೆಯ ಕ್ರೆಡಿಟ್. ಈ ವರ್ಷ ಸೇರಿಕೊಂಡಿದ್ದ ಶಾಲೆಯ ತರಗತಿಯಲ್ಲೇ ಕೂತು ಕಲಿತರೆ ಅದಕ್ಕೆ ಪೂರ್ತಿ ಎರಡು ವರ್ಷ, ಇದೂ ಮುಂದಿನದೂ. ಆದರೆ ಕಾಲುವೆಯ ಆಚೆಯ ಸಣ್ಣ ಕಾಲೇಜಿನಲ್ಲಿ ಫಿನ್ಲೆಂಡಿನಿಂದ ಬಂದ ಒಬ್ಬ ಅಧ್ಯಾಪಕಿ ಇದ್ದಾರಂತೆ. ಅವರು ಕೂರಿಸಿ ಮಾತಾಡಿಸಿ, ಈ ಹುಡುಗಿಗೆ ಭಾಷೆ ಬರುತ್ತದೆ ಎಂದು ಹೇಳಿದರೆ ಸಾಕು, ಎರಡು ವರ್ಷದ್ದನ್ನೂ ಕೊಡುತ್ತೇನೆಂದು ಹೆಡ್‌ಮಾಸ್ಟರು ಒಪ್ಪಿಕೊಂಡಿದ್ದರು.

"ಆಗ ಈ ಬೇಸಿಗೇಲೇ ಸ್ಕೂಲು ಮುಗೀತು. ಒಂದು ವರ್ಷ ಉಳೀತು," ಎಂದಿದ್ದಳು ಡೆನಿಸ್.

ಉಳಿದದ್ದು ಯಾರಿಗೆ ಎಂದು ಸೈಮಾ ಕೇಳಿರಲಿಲ್ಲ. ಅಷ್ಟು ಅವಸರ ಯಾಕೆ ಎಂದಷ್ಟೇ ಕೇಳಿದ್ದಳು. ದಕ್ಷಿಣದಲ್ಲಿ ಹಡಗು ನಡೆಸುವುದನ್ನು ಕಲಿಸುವ ಒಂದು ಶಾಲೆಯಿದೆ, ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರೆ ಎಂದು ಡೆನಿಸ್ ಹೇಳಿದಳು. ಅದಿರು ತುಂಬಿಕೊಂಡು ಹೋಗುವ ಹಡಗುಗಳನ್ನು ಅವಳು ಚಿಕ್ಕಂದಿನಿಂದ ಅಡಿಗೆಮನೆಯ ಕಿಟಕಿಯಲ್ಲಿ ನೋಡುತ್ತ ಬೆಳೆದವಳು. ಮನೆಯ ಮುಂದಿನ ಸಮುದ್ರದಂಥ ಸರೋವರದಲ್ಲಿ, ದೂರದ ಗೆರೆಯ ಮೇಲೆ ಅವು ಹೋಗುತ್ತಿವೆಯೋ ನಿಂತಿವೆಯೋ ತಿಳಿಯುತ್ತಿರಲಿಲ್ಲ. ಮುಂದಿನ ವರ್ಷವೂ ಆ ಶಾಲೆ ಅಲ್ಲೇ ಇರುತ್ತದಲ್ಲ ಎಂದಳು ಸೈಮಾ. ಅದಕ್ಕೆ ಹುಡುಗಿ ತಟ್ಟೆಯಿಂದ ತಲೆಯೆತ್ತದೆ, ಕೋಪವೂ ಇಲ್ಲದೆ, "ಇನ್ನೊಂದು ಚಳಿಗಾಲ ಇಲ್ಲಿ ಕಳೆದ್ರೆ ನಾನೂ ನಿನ್ ಥರಾನೇ ಆಗ್ಹೋಗ್ತೀನಿ, ಮಾಮ್" ಎಂದಳು. ರೇನೊ, ಸೈಮಾಳ ಗಂಡ, ಆಲೂಗೆಡ್ಡೆಯ ಬಟ್ಟಲನ್ನು ಮಗಳ ಕಡೆಗೆ ತಳ್ಳಿದ. ಅವನಿಗೆ ಕೇಳಿಸಿತೋ ಇಲ್ಲವೋ. ಗಣಿ ಮುಚ್ಚಿದ ಮೇಲೆ ಹಿಮದ ಲಾರಿಯ ಸದ್ದಿನಲ್ಲಿ ಅವನ ಒಂದು ಕಿವಿ ಮಂದವಾಗಿತ್ತು, ಯಾವುದು ಎಂಬುದು ಅವನ ಅನುಕೂಲಕ್ಕೆ ತಕ್ಕಂತೆ ಬದಲಾಗುತ್ತಿತ್ತು.

ನಿನ್ನ ಥರ. ಶಾಲೆಯನ್ನು ಬೇಗ ಮುಗಿಸಿದವಳು ಈ ಮನೆಯಲ್ಲಿ ಮೊದಲಿಗೆ ಸೈಮಾಳೇ. ಅಪ್ಪನ ಸೊಂಟ ಗಣಿಯಲ್ಲಿ ಮುರಿದಾಗ, ಅಮ್ಮ ನಡೆಸುತ್ತಿದ್ದ ಗಣಿಯಾಳುಗಳ ಊಟದ ಮನೆಗೆ ಇನ್ನೆರಡು ಕೈ ಬೇಕಾಗಿ, ಹತ್ತನೆಯ ತರಗತಿಯ ನಡುವೆಯೇ ಅವಳ ಓದು ನಿಂತಿತ್ತು. ಅದಕ್ಕೂ ಹಿಂದೆ ಒಂದನೆಯ ತರಗತಿಯಲ್ಲಿ ಅವಳನ್ನು ಎರಡು ವರ್ಷ ಕೂರಿಸಿದ್ದರು. ಮೊದಲ ದಿನ ಹೊರಗೆ ಹೋಗಬೇಕೆಂದು ಟೀಚರನ್ನು ಕೇಳುವುದಕ್ಕೆ ಇಂಗ್ಲಿಷ್ ಗೊತ್ತಿರಲಿಲ್ಲ. ಗೊತ್ತಿದ್ದ ಭಾಷೆಯಲ್ಲಿ ಕೇಳಿದಳು. ಟೀಚರು ಮಾತಾಡಬೇಡ ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಆಮೇಲೆ ಬೆಂಚಿನಿಂದ ನೆಲಕ್ಕೆ ಹರಿದದ್ದನ್ನು ಇಡೀ ತರಗತಿ ಬಗ್ಗಿ ನೋಡಿತು. ಈ ಕಥೆಯನ್ನು ಅವಳು ಯಾರಿಗೂ ಹೇಳಿದವಳಲ್ಲ. ಆದರೆ ಡೆನಿಸ್ ಹುಟ್ಟಿದಾಗ, ತೊಟ್ಟಿಲ ಮೇಲೆ ಬಗ್ಗಿದ ಅಮ್ಮ ತನ್ನ ಭಾಷೆಯಲ್ಲಿ ಲಾಲಿ ಶುರು ಮಾಡಿದಾಗ, ಸೈಮಾ ಒಗೆದ ಬಟ್ಟೆ ಮಡಿಸುತ್ತ, ಅಮ್ಮನ ಮುಖ ನೋಡದೆ, ಇವಳ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡೋಣ ಎಂದಿದ್ದಳು. ಅಮ್ಮನಿಗೆ ಇಂಗ್ಲಿಷು ಬರುತ್ತಿದ್ದುದು ಅಂಗಡಿಯಲ್ಲಿ ಬೇಕಾಗುವಷ್ಟು. ಮೊಮ್ಮಗಳ ಜೊತೆ ಅವಳು ಹದಿನೈದು ವರ್ಷ ಅಂಗಡಿಯ ಮಾತನ್ನೇ ಆಡಿದಳು: ಬೇಕಾ, ಎಷ್ಟು, ಚೆನ್ನಾಗಿದೆ, ಸಾಕು.

ಅಮ್ಮ ಹೋಗಿ ಎರಡು ಚಳಿಗಾಲಗಳಾಗಿದ್ದವು. ಆಮೇಲೆ ಸೈಮಾಳ ಬಾಯಲ್ಲಿ ಆ ಭಾಷೆ ಬೀಗ ಹಾಕಿದ ಕೋಣೆಯಂತಾಗಿತ್ತು. ರೇನೊಗೆ ಬರುತ್ತಿತ್ತು, ಆಡುತ್ತಿರಲಿಲ್ಲ. ಅವನು ಇಂಗ್ಲಿಷನ್ನೂ ಹೆಚ್ಚು ಆಡುವವನಲ್ಲ. ಒಬ್ಬಳೇ ಇದ್ದಾಗ ಬೆಕ್ಕಿನ ಹತ್ತಿರ, ಉಕ್ಕುವ ಹಾಲಿನ ಹತ್ತಿರ ಒಂದೆರಡು ಮಾತು ಆಡಿ ನೋಡುತ್ತಿದ್ದಳು. ಹಾಗಿರುವಾಗ ಮಗಳು ಬಂದು, ನನಗೆ ಕಲಿಸು ಎಂದಳು. ಬಿಟ್ಟುಹೋಗುವುದಕ್ಕೆ ಬೇಕು, ಆದ್ದರಿಂದ ಕಲಿಸು.

ಕಲಿಸಿದಳು. ತಾಯಿಯೂ ಮುಮ್ಮುವೂ ತಮ್ಮಲ್ಲಿ ಆಡಿಕೊಳ್ಳುವುದನ್ನು ಕೇಳುತ್ತ ಬೆಳೆದ ಹುಡುಗಿಗೆ ಅದು ಪೂರ್ತಿ ಹೊಸದೇನೂ ಆಗಿರಲಿಲ್ಲ. ರಾತ್ರಿಯೂಟದ ತಟ್ಟೆಗಳನ್ನು ಎತ್ತಿದ ಮೇಲೆ ಮೇಜಿನ ಬಳಿ ಇಂಗ್ಲಿಷ್ ಕೂಡದು ಎಂದು ನಿಯಮ ಮಾಡಿದಳು. ಮತ್ತೊಂದು ನಿಯಮವನ್ನು ತಮಾಷೆಯ ಹಾಗೆ ಸೇರಿಸಿದಳು: ಪಾಠದ ಹೊತ್ತಿನಲ್ಲಿ ಮಾಮ್ ಅನ್ನಬಾರದು, ತಾನು ತನ್ನ ಅಮ್ಮನನ್ನು ಕರೆಯುತ್ತಿದ್ದ ಹಾಗೆ ಆಯ್ತಿ ಅನ್ನಬೇಕು. ಡೆನಿಸ್ ಕಣ್ಣು ಮೇಲೆ ಮಾಡಿದಳು, ಆದರೆ ಒಪ್ಪಿದಳು. ಮೊದಲ ವಾರಗಳಲ್ಲಿ ಆ ಮಾತನ್ನು ಕಹಿ ಮಾತ್ರೆ ನುಂಗಿದಂತೆ ನುಂಗುತ್ತಿದ್ದಳು. ರೇನೊ ಬಾಗಿಲಲ್ಲಿ ನಿಂತು, "ಯೂನಿವರ್ಸಿಟಿ ಮುಚ್ಚಿದ್ಮೇಲೆ ಒಂದು ಲೋಟ ಕಾಫಿ ಸಿಗುತ್ತೋ, ಅದಕ್ಕೂ ಪರೀಕ್ಷೆ ಕಟ್ಬೇಕೋ?" ಎಂದು ಕೇಳುತ್ತಿದ್ದ. ಹೊರಗೆ ಹಿಮ ಕಿಟಕಿಯ ಅರ್ಧದವರೆಗೂ ಏರಿತು. ಜನವರಿಯ ಒಂದು ಸಂಜೆ ಡೆನಿಸ್ ತಾನೇ ಶುರು ಮಾಡಿದಳು: ಆಯ್ತಿ, ನನಗೆ ಕನಸು ಬಿತ್ತು, ಮುಮ್ಮು ನನ್ನನ್ನು ಬೈಯುತ್ತಿದ್ದಳು, ನಾನು ಅವಳ ಭಾಷೆಯಲ್ಲೇ ಎದುರು ಮಾತಾಡಿದೆ, ಅವಳಿಗೆ ಖುಷಿಯಾಗಿಬಿಟ್ಟಿತು. ತಪ್ಪಿಲ್ಲದೆ ಹೇಳಿದಳು. ಸೈಮಾ ಹಿಟ್ಟು ತರುತ್ತೇನೆಂದು ಉಗ್ರಾಣದ ಕೋಣೆಗೆ ಹೋಗಿ, ಕತ್ತಲಲ್ಲಿ ಹಣ್ಣಿನ ಜಾಡಿಗಳ ನಡುವೆ ಸ್ವಲ್ಪ ಹೊತ್ತು ನಿಂತುಕೊಂಡಿದ್ದಳು. ಬರುವಾಗ ಕೈಯಲ್ಲಿ ಹಿಟ್ಟಿರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಅದಾದ ಮುಂದಿನ ತಿಂಗಳು ಚರ್ಚಿನಲ್ಲಿ ಪ್ರಾರ್ಥನೆಯಾದ ಮೇಲೆ ಕಾಫಿ ಕೊಡುವ ಹೊತ್ತಿಗೆ ಕಾಲೇಜಿನ ಆ ಅಧ್ಯಾಪಕಿ, ಶ್ರೀಮತಿ ವೂರೆಲಾ, ಬಂದಿದ್ದರು. ಸಣ್ಣಗೆ, ಬೆಳ್ಳಗೆ, ಹಸಿರು ಉಣ್ಣೆಯ ಕೋಟು ತೊಟ್ಟ ಹೆಂಗಸು. ಸೈಮಾ ಲೋಟಕ್ಕೆ ಕಾಫಿ ಹೊಯ್ಯುತ್ತ, ಎರಡು ವರ್ಷಗಳ ಬೀಗ ತೆಗೆದ ಸಂತೋಷದಲ್ಲಿ ಅವರೊಂದಿಗೆ ಮಾತಿಗಿಳಿದಳು: ನಮ್ಮ ಮನೆ ಲೇಕಿಯ ದಡದಲ್ಲೇ ಇದೆ, ಹಿಮ ಕರಗಲಿ, ಕಾರಾ ತಗೊಂಡು ಬನ್ನಿ. ವೂರೆಲಾ ಅವರ ತುಟಿಯ ಒಂದು ಮೂಲೆ ಮಾತ್ರ ಅಲುಗಿತು. ಕುಹಕವಲ್ಲ, ಮಗು ಅಪ್ಪನ ಬೂಟು ಹಾಕಿಕೊಂಡು ಬಂದಾಗ ನಗುತ್ತೇವಲ್ಲ, ಹಾಗೆ. "ಯಾರ್ವಿಯ ದಡದಲ್ಲೇ?" ಎಂದರು. "ಎಷ್ಟು ಚೆಂದ. ಔತೊ ಇಲ್ಲ ನನ್ನ ಹತ್ರ, ಬಸ್ಸಲ್ಲಿ ಬರ್ತೀನಿ."

ಯಾರ್ವಿ ಎಂಬ ಮಾತು ಸೈಮಾಳಿಗೆ ಗೊತ್ತಿರಲಿಲ್ಲವೆಂದಲ್ಲ. ಅದು ಪಾದ್ರಿಯ ಬಾಯಲ್ಲಿ ಬರುವ ಮಾತು. ಯಾರ್ವಿ ಎಂದರೆ ಏಸು ನಡೆದುಹೋದ ನೀರು, ಬಿರುಗಾಳಿಗೆ ಸುಮ್ಮನಿರು ಎಂದ ನೀರು. ಅವಳ ಅಮ್ಮ ಮೊಣಕಾಲವರೆಗೆ ಇಳಿದು ಜಮಖಾನ ಒಗೆದ ನೀರು ಲೇಕಿ. ಇವೆರಡೂ ಒಂದೇ ನೀರಿನ ಎರಡು ಹೆಸರು ಎಂದು ನಲವತ್ತು ದಾಟುವವರೆಗೂ ಅವಳಿಗೆ ಹೊಳೆದಿರಲಿಲ್ಲ. ಅಂದು ಮನೆಗೆ ಬಂದು ಒಂದೊಂದೇ ಮಾತನ್ನು ಬೆಳಕಿಗೆ ಹಿಡಿದು ನೋಡಿದಳು. ಲೇಕ್‌ನ ಲೇಕಿ, ಕಾರ್‌ನ ಕಾರಾ, ಬೆಡ್‌ರೂಮಿಗೆ ಅಮ್ಮ ಅನ್ನುತ್ತಿದ್ದ ಪೇತಿರೂಮಾ: ಎಲ್ಲದರ ಒಳಗೂ ಇಂಗ್ಲಿಷು ನಾಚಿಕೆಯಿಲ್ಲದೆ ಕೂತಿತ್ತು, ಮೇಲೆ ಒಂದು ಬಾಲ ಅಂಟಿಸಿಕೊಂಡು. ಗಣಿಯ ಜನ ತಮ್ಮ ಬಾಯಿಗೆ ಹೊಂದಿಸಿಕೊಂಡು ಹೊಲಿದ ಮಾತುಗಳು. ಅವಳು ಶಾಲೆಯಲ್ಲಿ ಅಡಗಿಸಿಟ್ಟು ಕಾಪಾಡಿದ ಭಾಷೆಯೊಳಗೆ ಶಾಲೆಯವರು ಮೊದಲೇ ಬಂದು ಕೂತಿದ್ದರು. ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳು? ಏನೂ ಇಲ್ಲ. ನೀರಿಗೆ ಏನಂದರೂ ಜಮಖಾನ ಶುಭ್ರವಾಗುತ್ತದಲ್ಲ ಅನ್ನುತ್ತಿದ್ದಳೇನೋ.

ಅಂದು ರಾತ್ರಿಯ ಪಾಠದಲ್ಲಿ ಸೈಮಾ ಮಗಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಮೊದಮೊದಲು ಅದು ನಾಚಿಕೆಯೆಂದೇ ಅವಳು ತಿಳಿದಿದ್ದಳು. ಆಯ್ತಿ ಎಂದು ಕರೆಯುವವಳ ಮುಂದೆ, ನನಗೆ ಬರುವುದೂ ಅರೆಬರೆಯೇ ಎನ್ನುವುದು ಹೇಗೆ? ಆಮೇಲೆ ಅದು ಅಮ್ಮನ ಮೇಲಿನ ನಿಷ್ಠೆ ಅನ್ನಿಸಿತು. ಏಪ್ರಿಲ್ ಹೊತ್ತಿಗೆ, ಹಿಮ ಕರಗಿ ಅಂಗಳದಲ್ಲಿ ಹೋದ ವರ್ಷದ ಹುಲ್ಲು ಕಾಣಿಸಿಕೊಂಡಾಗ, ಅದರ ಕೆಳಗೆ ಇನ್ನೊಂದು ಕಾರಣ ಮಲಗಿದ್ದುದು ಅವಳಿಗೆ ಕಂಡಿತು. ಹುಡುಗಿ ಪಾಸಾಗದಿದ್ದರೆ ಇನ್ನೊಂದು ಚಳಿಗಾಲ. ಇನ್ನೊಂದು ಚಳಿಗಾಲ ಆಯ್ತಿ. ಅದನ್ನು ನೋಡಿದವಳೇ ಮುಖ ತಿರುಗಿಸಿಕೊಂಡಳು. ಆದರೆ ಪಾಠದಲ್ಲಿ ಲೇಕಿ ಬಂದಾಗಲೆಲ್ಲ ಅವಳ ತಲೆ ಮೊದಲಿಗಿಂತ ಬೇಗನೆ, ಸರಿ, ಸರಿ ಎಂದು ಆಡುತ್ತಿತ್ತು.

ಒಲೆಯಿಂದ ನಿಸು ತೆಗೆದು ಬಟ್ಟೆಯಲ್ಲಿ ಸುತ್ತಿದಳು. ಡೆನಿಸ್ ಇಸ್ತ್ರಿ ಮಾಡಿದ ನೀಲಿ ಅಂಗಿಯಲ್ಲಿ ಕೆಳಗಿಳಿದು ಬಂದು, ಕೀಲಿಕೈ ಎತ್ತಿಕೊಂಡು, ಬಾಗಿಲ ಬಳಿ ಒಂದು ಗಳಿಗೆ ನಿಂತು, "ಆಯ್ತಿ, ನೀನೂ ಒಳಗೆ ಬರ್ತೀಯಲ್ಲ?" ಎಂದಳು. ಪಾಠದ ಹೊತ್ತಲ್ಲ, ಮೇಜಿನ ಬಳಿಯೂ ಅಲ್ಲ. ಸೈಮಾ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಗುಂಡಿಗಳೆಲ್ಲ ಒಂದೊಂದು ತೂತು ತಪ್ಪಿ ಬಿದ್ದವು.

ವೂರೆಲಾ ಅವರು ಪರೀಕ್ಷೆಯನ್ನು ತಮ್ಮ ಮನೆಯ ಅಡಿಗೆಮನೆಯಲ್ಲೇ ಇಟ್ಟುಕೊಂಡಿದ್ದರು. ತೊಂದರೆ ತಗೊಂಡದ್ದು ಯಾಕೆ ಎನ್ನುತ್ತ ಬಟ್ಟೆ ಬಿಚ್ಚಿ ಮೂಸಿ ನೋಡಿ, "ಓ, ಪುಲ್ಲಾ" ಎಂದರು. ನಿಸು ಎಂದು ಸೈಮಾ ತಿದ್ದಿದಳು. ಬಾಯಿಂದ ತಾನಾಗಿ ಬಂದುಬಿಟ್ಟಿತ್ತು. "ನಿಸು!" ಅವರು ಕೈಗಳನ್ನು ಜೋಡಿಸಿಕೊಂಡರು. ಆ ಮಾತನ್ನು ತಮ್ಮ ಅಜ್ಜಿಯ ಅಜ್ಜಿ ಆಡುತ್ತಿದ್ದಿರಬೇಕು, ಈಗ ಅಲ್ಲಿ ಯಾರೂ ಹಾಗನ್ನುವುದಿಲ್ಲ ಎಂದರು. ಹಳೆಯ ಪೆಟ್ಟಿಗೆಯಿಂದ ಯಾರೋ ಒಂದು ಕುಲಾವಿ ತೆಗೆದು ತೋರಿಸಿದಂತೆ ಅವರ ಮುಖ ಅರಳಿತ್ತು. ಸೈಮಾಳನ್ನು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂರಿಸಿದರು. ಸಹಾಯ ಮಾಡಬಾರದು ಎಂದು ಬೆರಳು ತೋರಿಸಿ ನಕ್ಕರು. ತುಟಿಯ ಮೇಲೆ ಬೆರಳು. ಸೈಮಾ ಅದನ್ನು ನೋಡಿ ಮೊಣಕಾಲುಗಳನ್ನು ಬಿಗಿಯಾಗಿ ಜೋಡಿಸಿಕೊಂಡಳು, ಯಾಕೆಂದು ತಿಳಿಯುವ ಮೊದಲೇ.

ಡೆನಿಸ್ ಚೆನ್ನಾಗಿ ಶುರು ಮಾಡಿದಳು. ಹೆಸರು, ವಯಸ್ಸು, ಹವೆ, ಅಪ್ಪನ ಕೆಲಸ. ಮಾತಿನ ಬಾಲಗಳು, ಆ ಭಾಷೆಯ ಹದಿನೈದು ವಿಭಕ್ತಿಗಳ ಬಾಲಗಳು, ಒಂದೂ ತಪ್ಪದೆ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಸೈಮಾಳಿಗೆ ಎದೆಯುಬ್ಬಿತು, ಜೊತೆಗೇ ಇವಳು ಪಾಸಾಗಿಬಿಡುತ್ತಾಳೆ ಎಂಬ ಅಳುಕೂ ಹುಟ್ಟಿತು. ನಿನ್ನ ಅಜ್ಜಿಯ ಬಗ್ಗೆ ಹೇಳು ಎಂದರು ವೂರೆಲಾ. ಹುಡುಗಿ ಅಭ್ಯಾಸ ಮಾಡಿದ್ದನ್ನು ನೆಟ್ಟಗೆ ಕೂತು ಹೇಳಿದಳು: ಮುಮ್ಮು ಬೇಸಿಗೆಯಲ್ಲಿ ಜಮಖಾನಗಳನ್ನು ಲೇಕಿಗೆ ಒಯ್ದು ಒಗೆಯುತ್ತಿದ್ದಳು. ಫಿನ್ಲೆಂಡಿನಲ್ಲಿ ಹೆಚ್ಚುಕಡಿಮೆ ಹಾಗೇ ಕೇಳಿಸುವ ಇನ್ನೊಂದು ಮಾತಿಗೆ ಆಟ ಎಂದು ಅರ್ಥ.

"ಆಟಕ್ಕೆ?" ಚರ್ಚಿನಲ್ಲಿ ಸೈಮಾ ಆಡಿದ್ದು ಮರೆತಿತ್ತೋ ಏನೋ, ಅವರ ಹುಬ್ಬು ಮೇಲೇರಿತು. "ಆಟಕ್ಕೆ ತಗೊಂಡ್ಹೋಗಿ ಒಗೀತಿದ್ರಾ?"

"ಆಟ ಅಲ್ಲ. ಲೇಕಿ." ಡೆನಿಸ್ ಕೈಯಿಂದ ನೀರು ತೋರಿಸಿದಳು, ಅಗಲವಾಗಿ. "ಅಪ್ಪ ಆಮೇಲೆ ಕಾರಾದಲ್ಲಿ..."

ಆಗ ಅವರು ನಕ್ಕುಬಿಟ್ಟರು. ಒಳ್ಳೆಯ ನಗು, ಅದರಲ್ಲಿ ಒಂದಿಷ್ಟೂ ವಿಷವಿರಲಿಲ್ಲ, ಅದಕ್ಕೇ ತಡೆದುಕೊಳ್ಳುವುದು ಕಷ್ಟವಾಯಿತು. ಎಷ್ಟು ಮುದ್ದಾಗಿದೆ, ಇನ್ನೊಂದು ಸಲ ಹೇಳು ಮಗು ಎಂದರು. ಹುಡುಗಿ ಹೇಳಿದಳು. ಇನ್ನೇನೇನು ಅನ್ನುತ್ತೀರಿ ಮನೆಯಲ್ಲಿ, ಮಲಗುವ ಕೋಣೆಗೆ? ಹೇಳಿದಳು. ಪ್ರತಿ ಮಾತಿಗೂ ಅವರ ಖುಷಿ ಹೆಚ್ಚುತ್ತಿತ್ತು, ಡೆನಿಸಳ ದನಿ ಸಣ್ಣದಾಗುತ್ತಿತ್ತು. ಗಿಡ್ಡ ಕೂದಲಿನ ಕೆಳಗೆ ಅವಳ ಕಿವಿಗಳು ಕೆಂಪಾಗುವುದನ್ನು ಸೈಮಾ ಹಿಂದಿನಿಂದ ನೋಡುತ್ತ ಕೂತಳು. ಜಡೆಯಿದ್ದಿದ್ದರೆ ಕಾಣುತ್ತಿರಲಿಲ್ಲ ಅನ್ನಿಸಿತು. ಬಾಯಿ ಬಿಡಬೇಕು, ಅವು ನನ್ನ ಮಾತುಗಳು, ಅವಳದಲ್ಲ, ನನಗೆ ಮೊದಲೇ ಗೊತ್ತಿತ್ತು ಎನ್ನಬೇಕು. ಕಿಟಕಿಯಾಚೆ ಯಾರೋ ಮೂಲೆಯಲ್ಲುಳಿದ ಕೊಳಕು ಹಿಮವನ್ನು ಸಲಿಕೆಯಿಂದ ರಸ್ತೆಗೆ ಹರಡುತ್ತಿದ್ದರು, ಬಿಸಿಲಿಗೆ ಬೇಗ ಕರಗಲೆಂದು. ಸೈಮಾ ಅದನ್ನು ಬಹಳ ಗಮನವಿಟ್ಟು ನೋಡಿದಳು.

ಕೊನೆಗೆ ವೂರೆಲಾ ಅವರು ಗಂಭೀರವಾದರು. ವ್ಯಾಕರಣ ತಮ್ಮ ಕಾಲೇಜಿನ ಮಕ್ಕಳಿಗಿಂತ ಚೆನ್ನಾಗಿದೆ, ನಾಲಿಗೆ ಶುದ್ಧವಾಗಿ ಹೊರಳುತ್ತದೆ, ಇದನ್ನು ಪುಸ್ತಕದಿಂದ ಯಾರೂ ಕಲಿಯಲಾರರು ಎಂದರು. "ಆದ್ರೆ ನಾನು ಹೆಸರು ಹಾಕಿ ಹೇಳ್ಬೇಕಲ್ಲಮ್ಮ, ಈ ಹುಡುಗಿಗೆ ಫಿನ್ನಿಶ್ ಬರುತ್ತೆ ಅಂತ. ಈ ಮಾತು ನಮ್ಮೂರಲ್ಲಿ ಯಾರಿಗೂ ಅರ್ಥ ಆಗಲ್ಲ." ಇನ್ನೊಂದು ವಾರದಲ್ಲಿ ಊರಿಗೆ ಹೊರಡುತ್ತೇನೆ, ಆಗಸ್ಟಿನಲ್ಲಿ ಬರುತ್ತೇನೆ, ಅಷ್ಟರಲ್ಲಿ ಸರಿಯಾದ ಮಾತುಗಳನ್ನು ಕಲಿತು ಬರಲಿ, ಆಗ ಕೊಟ್ಟರೂ ಶಾಲೆಯವರು ಒಪ್ಪುತ್ತಾರೆ, ನಾನೇ ಕೇಳಿದ್ದೇನೆ. ಯಾರು ಕಲಿಸಬೇಕು ಎಂದು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬಾಗಿಲವರೆಗೆ ಬಂದು ಸೈಮಾಳ ಕೈ ಹಿಡಿದುಕೊಂಡರು. "ನಿಸು ತುಂಬಾ ಚೆನ್ನಾಗಿದೆ," ಎಂದರು, ಆ ಮಾತನ್ನು ಬೇಕೆಂದೇ ಹಾಗೆ ಆಡಿ, ಸಮಾಧಾನಕ್ಕೆ.

ಡೆನಿಸ್ ಕಾರನ್ನು ಸೇತುವೆ ದಾಟಿಸಿದಳು. ಆಮೇಲೆ ಇಂಗ್ಲಿಷಿನಲ್ಲಿ, ರಸ್ತೆಯಿಂದ ಕಣ್ಣು ತೆಗೆಯದೆ, "ನಿಂಗೆ ಗೊತ್ತಿತ್ತಾ ಮಾಮ್?" ಎಂದಳು.

"ಏನು?"

"ಮುಮ್ಮು ಮಾತೆಲ್ಲ ಸುಳ್ಳು ಅಂತ."

"ಇಲ್ಲ," ಎಂದಳು ಸೈಮಾ.

ಎಷ್ಟು ಸಲೀಸಾಗಿ ಬಂತು ಆ ಮಾತು. ಡೆನಿಸ್ ಅದನ್ನು ನಂಬಿದಳು, ಅಷ್ಟೇ ಅಲ್ಲ, ಕೈ ಚಾಚಿ ತಾಯಿಯ ಮೊಣಕಾಲನ್ನು ಒಮ್ಮೆ ತಟ್ಟಿದಳು. ಪಾಪ, ನಿನಗೂ ನಾಚಿಕೆಯಾಗಿರಬೇಕು ಎಂದಳು. ತುಕ್ಕು ಹಿಡಿದ ಗಣಿಯ ಗೋಪುರ, ಅದರ ಬುಡದ ಕಲ್ಲಿನ ರಾಶಿ ಹಿಂದೆ ಸರಿದವು. ಸೈಮಾಳ ಅಪ್ಪ ಅಗೆದು ತೆಗೆದ ಕಲ್ಲೂ ಆ ರಾಶಿಯಲ್ಲೆಲ್ಲೋ ಇತ್ತು. ತಾಮ್ರವಿಲ್ಲದ ಕಲ್ಲಿಗೆ ಗಣಿಯವರು ಬಡಕಲ್ಲು ಅನ್ನುತ್ತಿದ್ದರು. ಮನೆಯ ತಿರುವಿನಲ್ಲಿ ಡೆನಿಸ್ ವೇಗ ಇಳಿಸಿದಳು. ಬಿಡು ಮಾಮ್, ಬೇಸಿಗೆಯೆಲ್ಲ ಆ ಹೆಂಗಸು ನಗಲಿ ಅಂತ ನಾನು ಓದಲ್ಲ, ಇನ್ನೊಂದು ವರ್ಷ ತಾನೆ, ಇಲ್ಲೇ ಎಲ್ಲರ ಜೊತೆ ಮುಗಿಸ್ತೀನಿ ಎಂದಳು. ಅಳುತ್ತಿರಲಿಲ್ಲ. ತೂಗುಹಾಕಿದ ಕೋಟಿನ ಹಾಗಿತ್ತು ಅವಳ ದನಿ, ಒಳಗೆ ಯಾರೂ ಇಲ್ಲದೆ.

ಹಾಗಾದರೆ ಇದೇ ಅದು. ಚಳಿಗಾಲವೆಲ್ಲ ಮುಖ ತಿರುಗಿಸಿಕೊಂಡು ಬೇಡಿದ್ದು ಕೈಗೆ ಬಂದು ಕೂತಿತ್ತು. ಮಗಳು ಇನ್ನೊಂದು ವರ್ಷ ಇರುತ್ತಾಳೆ. ಇದೇ ಮೇಜಿನಲ್ಲಿ ಉಣ್ಣುತ್ತಾಳೆ, ಇದೇ ಕಿಟಕಿಯಲ್ಲಿ ಹಡಗು ನೋಡುತ್ತಾಳೆ, ತಟ್ಟೆ ಎತ್ತಿದ ಮೇಲೆ ಮಹಡಿಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಪಾಠ ಇರುವುದಿಲ್ಲ. ಕ್ರೆಡಿಟ್ ಇಲ್ಲದ ಭಾಷೆ ಯಾರಿಗೆ ಬೇಕು? ಇರುವವಳು ಮಾಮ್ ಎನ್ನುವ ಹುಡುಗಿ. ಆಯ್ತಿ ಎನ್ನುವ ಹುಡುಗಿ ಇರಬೇಕಾದರೆ ಅವಳಿಗೆ ಹೋಗುವುದಕ್ಕೆ ದಾರಿ ಬೇಕು. ಇದು ಎಂಥ ವಿಚಿತ್ರ ಲೆಕ್ಕ ಎಂದು ಸೈಮಾ ಬಾಗಿಲ ಬಳಿ ಬೂಟು ಬಿಚ್ಚುತ್ತ ಕೂತವಳು ಎದ್ದೇಳುವುದನ್ನು ಮರೆತಳು. ರೇನೊ ಒಳಗಿನಿಂದ, ಹಬೆಸ್ನಾನಕ್ಕೆ ಸೌನಾ ಕಾದಿದೆ, ಏನಾಯಿತು ಎಂದು ಕೇಳಿದ. ಏನೂ ಆಗಲಿಲ್ಲ ಎಂದು ಡೆನಿಸ್ ಮಹಡಿಯಿಂದ ಹೇಳಿದಳು. ಆಗಲಿಲ್ಲ ಎಂಬುದು ಅವನ ಒಳ್ಳೆಯ ಕಿವಿಗೆ ಬಿದ್ದಿರಬೇಕು. ಅವನು ಹೊರಗೆ ಹೋಗಿ ಸೌನಾದ ಒಲೆಗೆ ಇನ್ನೆರಡು ಸೌದೆ ಹೆಚ್ಚಿಗೆ ಹಾಕಿದ. ಅವನಿಗೆ ಗೊತ್ತಿದ್ದ ಸಾಂತ್ವನ ಅದು.

ನೀರಿನಂಚಿನ ಮರದ ಕೋಣೆಯಲ್ಲಿ ಶನಿವಾರದ ಸೌನಾ ಎಂದೂ ತಪ್ಪುತ್ತಿರಲಿಲ್ಲ, ಸಾವಿನ ವಾರದಲ್ಲೂ. ಗಂಡಸು ಮೊದಲು ಮುಗಿಸಿ ಹೋದ ಮೇಲೆ ತಾಯಿ ಮಗಳು ಬೆತ್ತಲೆ, ಮೇಲಿನ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಕೂತರು. ಸಣ್ಣ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಮೇ ತಿಂಗಳ ಕೊನೆಯ ಬೆಳಕು ಇಲ್ಲಿ ಬೇಗ ಎದ್ದು ಹೋಗುವ ಅತಿಥಿಯಲ್ಲ. ಸೈಮಾ ಕಾದ ಕಲ್ಲಿನ ಮೇಲೆ ಸೌಟಿನಿಂದ ನೀರು ಎಸೆದಳು. ಹಬೆ ಬುಸುಗುಟ್ಟಿ ಎದ್ದು ಅವರಿಬ್ಬರ ಹೆಗಲನ್ನೂ ಒಂದೇ ಕೈಯಂತೆ ಬಳಸಿತು. ಡೆನಿಸಳ ಬೆನ್ನಿನ ಮೂಳೆಗಳು ಒಂದೊಂದಾಗಿ ಕಾಣುತ್ತಿದ್ದವು. ಈ ಬೆನ್ನಿಗೆ ಅಮ್ಮ ಸೋಪು ಹಚ್ಚುತ್ತಿದ್ದಳು, ಮಾತಿಲ್ಲದೆ, ಅಂಗಡಿಯ ಮಾತೂ ಇಲ್ಲದೆ. ಸುಳ್ಳು ಎಂದಳಲ್ಲ ಹುಡುಗಿ. ಸುಳ್ಳು ಹೇಳಿದವಳು ಅಮ್ಮನಲ್ಲ. ಅಮ್ಮ ತಾನು ಇಳಿದ ನೀರಿಗೆ ತನಗೆ ಬಂದ ಹೆಸರಿಟ್ಟಳು, ಅಷ್ಟೇ. ಆ ವೂರೆಲಾಳ ಔತೊ ಎಂಬ ಮಾತು ಮಾತ್ರ ಎಲ್ಲಿಂದ ಬಂದದ್ದು, ಆಟೊಮೊಬೈಲಿನಿಂದಲ್ಲದೆ ಅವರ ಕಾಡಿನಲ್ಲಿ ಬೆಳೆಯಿತೇ? ಹೀಗೆ ಮನಸ್ಸಿನಲ್ಲೇ ಜಗಳವಾಡಿ ಗೆದ್ದಳು. ಗೆದ್ದರೂ ಹುಡುಗಿಯ ಕಿವಿ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ.

ಬೆವರು ಇಳಿಯುತ್ತಿತ್ತು. ಡೆನಿಸ್ ತಟ್ಟನೆ ಹಲಗೆಯಿಂದ ಕೆಳಗಿಳಿದಳು. ಬಾಗಿಲಿಗೆ ಕೈಯಿಟ್ಟು ತಿರುಗಿ, "ಲೇಕಿಗೆ ಬರ್ತೀಯಾ?" ಎಂದಳು.

ಅಣಕವೋ, ರೂಢಿಯೋ? ಹಬೆಯಲ್ಲಿ ಮುಖ ಕಾಣಲಿಲ್ಲ. ಸೈಮಾ ಕಿವಿಗೊಟ್ಟು ಹುಡುಕಿದಳು. ದನಿಯಲ್ಲಿ ಎರಡೂ ಇದ್ದವು, ಅಥವಾ ಎರಡೂ ಇರಲಿಲ್ಲ. ನೀನು ನಡಿ, ಬಂದೆ ಎಂದಳು. ಬಾಗಿಲು ತೆರೆದು ಮುಚ್ಚಿತು. ಬರಿಗಾಲು ಕಲ್ಲುಗಳ ಮೇಲೆ ಓಡಿದ ಸದ್ದು, ಆಮೇಲೆ ನೀರು ಒಡೆದ ಸದ್ದು, ಆಮೇಲೆ ಚಳಿಗೆ ಹೊರಟ ಒಂದು ಕೂಗು. ಅದು ಯಾವ ಭಾಷೆಯದೂ ಅಲ್ಲ.

ಸೋಮವಾರ ಸೈಮಾಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮನೆಗೆ ಬರುವ ಬಸ್ಸಿನ ಬದಲು ಸೇತುವೆ ದಾಟುವ ಬಸ್ಸು ಹತ್ತಿದರೆ ಯಾರಿಗೂ ತಿಳಿಯುವುದಿಲ್ಲ. ಆ ಹೆಂಗಸು ಹೊರಡುವುದಕ್ಕೆ ಒಂದು ವಾರವಿದೆ, ದಿನವೂ ಹೋಗಬಹುದು. ಬಾಗಿಲು ತಟ್ಟಿ, ನನಗೆ ಕಲಿಸಿ ಎನ್ನಬೇಕು. ಅವಳು ನಗುತ್ತಾಳೆ, ಒಳ್ಳೆಯ ಮನಸ್ಸಿನಿಂದಲೇ ನಗುತ್ತಾಳೆ, ಇನ್ನೊಂದು ಸಲ ಹೇಳಿ ಎನ್ನುತ್ತಾಳೆ. ಹೇಳಬೇಕು. ಒಂದನೆಯ ತರಗತಿಯಲ್ಲಿ ಮೂರನೆಯ ವರ್ಷ ಎಂದುಕೊಂಡರಾಯಿತು. ಆಮೇಲೆ ಜೂನಿನ ಯಾವುದೋ ಒಂದು ಸಂಜೆ ತಟ್ಟೆ ಎತ್ತಿದ ಮೇಲೆ, ಏನೋ ನೆನಪಾದವಳ ಹಾಗೆ, ನಿನ್ನ ಮುಮ್ಮು ಒಮ್ಮೊಮ್ಮೆ ಹೀಗೂ ಅನ್ನುತ್ತಿದ್ದಳು ನೋಡು ಎಂದು ಶುರು ಮಾಡಬೇಕು. ಹುಡುಗಿ ಮೊದಲು ಬೇಡವೆನ್ನುತ್ತಾಳೆ. ಶುರು ಮಾಡಬೇಕು.

ಯಾರ್ವಿ, ಎಂದಳು ಸೈಮಾ, ಖಾಲಿ ಸೌನಾದಲ್ಲಿ. ಬಾಯಿಯಲ್ಲಿ ಚರ್ಚಿನ ಬೆಂಚಿನ ವಾಸನೆ ಬಂತು. ಇನ್ನೊಮ್ಮೆ ಎಂದಳು. ಕಲ್ಲಿನ ಮೇಲೆ ಉಳಿದ ನೀರನ್ನೆಲ್ಲ ಸುರಿದು, ಹಬೆಯೊಳಗೆ ಮುಖವಿಟ್ಟು, ಆ ಮಾತು ಮೊಣಕಾಲವರೆಗಿನ ನೀರಾಗುವ ತನಕ ಎನ್ನುತ್ತಲೇ ಇದ್ದಳು.

ಹೊರಗಿನಿಂದ ಡೆನಿಸ್ ಕೂಗಿದಳು, ಹಲ್ಲು ಕಟಕಟಿಸುತ್ತ, ಅಲ್ಲೇ ಬೆಂದುಹೋದೆಯಾ ಎಂದು. ಸೈಮಾ ಬಾಗಿಲು ತೆಗೆದಳು. ಹುಡುಗಿ ಕುತ್ತಿಗೆವರೆಗೆ ನೀರಿನಲ್ಲಿ ನಿಂತಿದ್ದಳು. ಅವಳ ಹಿಂದೆ, ಬಹಳ ದೂರದಲ್ಲಿ, ಗೆರೆಯ ಮೇಲೆ ಒಂದು ಹಡಗಿನ ದೀಪ ಇತ್ತು.

"ಯಾರ ಹತ್ರ ಮಾತಾಡ್ತಿದ್ದೆ ಒಳಗೆ?"

"ಯಾರೂ ಇಲ್ಲ," ಎಂದಳು ಸೈಮಾ, ಮತ್ತು ತಣ್ಣೀರಿಗೆ ಕಾಲಿಟ್ಟಳು.